ಒಳಕ್ಕೆ ತೆರೆಯುವ ಬಾಗಿಲು

ಪಾಯಿಂಟ್ ಕುಕ್, ಮೆಲ್ಬರ್ನ್
11 ಫೆಬ್ರವರಿ 2024

ತೀರ್ಥರೂಪು ಅಪ್ಪನವರಿಗೆ, ಚಿತ್ರಾಳ ನಮಸ್ಕಾರಗಳು.

ಎರಡೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವ ಸಾಲನ್ನು ಬರೆದು ಹೊಡೆದುಹಾಕಿದೆ. ನಿಮಗೂ ಅದು ಬೇಕಿಲ್ಲ, ನನಗೂ ಅದರಲ್ಲಿ ಮನಸ್ಸಿಲ್ಲ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಕೇಳಿಸಿದರೂ ಮೂರು ನಿಮಿಷಕ್ಕೆ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ಈಮೇಲನ್ನು ನೀವು ತೆರೆಯುವುದಿಲ್ಲ. ಹಾಗಾಗಿ ಕಾಗದ. ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿಂದ ಪಶ್ಚಿಮಕ್ಕೆ ನಲವತ್ತು ನಿಮಿಷ ಡ್ರೈವ್ ಮಾಡಿದರೆ, ಹೊಸ ಬಡಾವಣೆಗಳೆಲ್ಲ ಮುಗಿದ ಮೇಲೆ, ಬಯಲಿನಲ್ಲಿ ಒಂದು ಒಕ್ಕಲು ಮನೆಯಿದೆ. 1856ರಲ್ಲಿ ಆಂಡ್ರ್ಯೂ ಗ್ಲೆನ್ನಿ ಎಂಬ ಸ್ಕಾಟ್‌ಲ್ಯಾಂಡಿನವನು ಕಟ್ಟಿಸಿದ್ದು. ಗೋಡೆ ಎರಡಡಿ ದಪ್ಪ, ಬ್ಲೂಸ್ಟೋನ್ ಎನ್ನುವ ಇಲ್ಲಿನ ಕರಿಗಲ್ಲಿನದು. ಮುಂಭಾಗದಲ್ಲಿ ನಡುವೆ ಬಾಗಿಲು, ಆಚೀಚೆ ಒಂದೊಂದು ಕಿಟಕಿ, ಎರಡೂ ತುದಿಯ ತ್ರಿಕೋನ ಗೋಡೆಗಳ ನೆತ್ತಿಯಲ್ಲಿ ಚಿಮಣಿ. ಜಗಲಿಯಿಲ್ಲ. ಸ್ಲೇಟಿನ ಮಾಡು ಎಷ್ಟು ಕಡಿದಾಗಿದೆಯೆಂದರೆ ಈ ಊರಿಗೆ ಎಂದೂ ಬಾರದ ಹಿಮ ಜಾರಲೆಂದೇ ಕಟ್ಟಿದ ಹಾಗಿದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ಗಂಡ ಹೆಂಡಿರಿಬ್ಬರ ಹೆಸರಿನ ಮೊದಲ ಅಕ್ಷರಗಳು, ನಡುವೆ ಮದುವೆಯ ವರ್ಷ. ಇದು ಅವರ ದೇಶದ ರೂಢಿಯೆಂದು ನಾನು ಚಿಕ್ಕವಳಿದ್ದಾಗ ನೀವೇ ಹೇಳಿದ್ದು.

ಮನೆಯ ಮುಖ ದಕ್ಷಿಣಕ್ಕಿದೆ. ಅವನ ಊರಿನಲ್ಲಿ ಬಿಸಿಲು ದಕ್ಷಿಣದಿಂದ ಬರುತ್ತಿತ್ತು, ಇಲ್ಲಿ ಉತ್ತರದಿಂದ ಬರುತ್ತದೆ. ಪುಣ್ಯಾತ್ಮ ಅಭ್ಯಾಸಬಲದಿಂದ ಹಾಗೇ ಕಟ್ಟಿ ನೂರ ಅರವತ್ತೆಂಟು ವರ್ಷ ಮನೆಯನ್ನು ಕತ್ತಲಲ್ಲಿಟ್ಟ. ಬಿಲ್ಡರ್ ಕಡೆಯ ಮ್ಯಾನೇಜರ್ ಸಂಜು ನಮ್ಮ ಹಾಸನದವನು. "ಮೇಡಂ, ಸೌತ್ ಫೇಸಿಂಗ್ ಅಂದ್ರೆ ಯಮನ ದಿಕ್ಕು, ನಮ್ಮೋರು ಯಾರೂ ತಗೊಳ್ಳಲ್ಲ ಬಿಡಿ" ಎಂದು ನಗುತ್ತಾನೆ.

ಮನೆಗೆ ಭಯವಿಲ್ಲ, ಅದು ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಹಿಂದಿರುವ ದನದ ಕೊಟ್ಟಿಗೆ ಪಟ್ಟಿಯಲ್ಲಿಲ್ಲ. ಅದನ್ನು ಕೆಡವಿ ಸಾಲುಮನೆ ಕಟ್ಟಲು ಬಿಲ್ಡರ್ ಅರ್ಜಿ ಹಾಕಿದ್ದಾರೆ. ಕೊಟ್ಟಿಗೆ ಉಳಿಯಬೇಕೆಂದು ನಮ್ಮ ಆಫೀಸಿನ ಪರವಾಗಿ ನಾನು ಏಪ್ರಿಲ್ ಕೊನೆಯೊಳಗೆ ವರದಿ ಕೊಡಬೇಕು, ಜುಲೈಯಲ್ಲಿ ಅನುಮತಿ ಕೊಡುವ ಪ್ಯಾನೆಲ್ಲಿನ ಮುಂದೆ ಹಿಯರಿಂಗ್. ಎಡಿನ್‌ಬರೋದಲ್ಲಿ ಒಂದು ವರ್ಷ ಇಂಥ ಕೊಟ್ಟಿಗೆಗಳನ್ನೇ ಅಳೆದವರು ನೀವು. ಈ ದೇಶದಲ್ಲಿ ಇದರ ಬಗ್ಗೆ ನಿಮಗಿಂತ ಹೆಚ್ಚು ತಿಳಿದವರಿಲ್ಲ. ಹೇಳಿಕೊಡುತ್ತೀರಾ?

ಕೆಂಪು ಇಂಕು ಧಾರಾಳವಾಗಿ ಹಾಕಿ. ಸಿಡ್ನಿಯ ಮನೆಯ ಹಿತ್ತಲಿನ ಗ್ಯಾರೇಜನ್ನು ಅಮ್ಮ ಇರಲು ಗ್ರ್ಯಾನಿ ಫ್ಲ್ಯಾಟ್ ಎಂಬ ಚಿಕ್ಕ ಬಿಡಾರ ಮಾಡಲು ನಕ್ಷೆ ಬರೆದಾಗ ಮಾತ್ರ, ಜೀವಮಾನದಲ್ಲಿ ಒಂದೇ ಸಲ, ಅದು ಬೇಡವೆಂದು ಕೇಳಿದ್ದೆ. ಈಗ ಕೇಳುವುದಿಲ್ಲ.

ಇತಿ,
ಚಿತ್ರಾ

*

ಗಿರಾವೀನ್, ಸಿಡ್ನಿ
26 ಫೆಬ್ರವರಿ 2024

ಚಿ. ಸೌ. ಚಿತ್ರಾಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ತಿದ್ದಿ ಇದರ ಜೊತೆಗೇ ಹಿಂತಿರುಗಿಸಿದ್ದೇನೆ. ಏಳು ತಪ್ಪುಗಳಿವೆ. ಕನ್ನಡದ್ದು ಮೂರು, ಕಟ್ಟಡದ್ದು ನಾಲ್ಕು. "ಹಿಮ ಜಾರಲೆಂದೇ" ಎಂದಿದ್ದೀಯ. ಸ್ಲೇಟಿನ ಕೆಳಗೆ ಮೊದಲು ಹುಲ್ಲಿನ ಹೊದಿಕೆಯಿತ್ತೇ ಎಂದು ನೋಡಿದೆಯಾ? ಹುಲ್ಲಿನ ಮಾಡಿಗೂ ಅಷ್ಟೇ ಕಡಿದಾದ ಇಳಿಜಾರು ಬೇಕು. ನೀನು ನೋಡಿರಲಾರೆ. ಏಣಿ ಹತ್ತಲು ನಿನಗೆ ಮೊದಲಿಂದಲೂ ಭಯ, ಆ ಭಯವನ್ನು ಮುಚ್ಚಲು ಚಂದದ ವಾಕ್ಯ ಬರೆಯುತ್ತೀಯ.

ನಲವತ್ತೆಂಟು ವರ್ಷವಾದ ಆರ್ಕಿಟೆಕ್ಟ್ ಎಪ್ಪತ್ತೊಂಬತ್ತರ ಅಪ್ಪನನ್ನು ಪಾಠ ಕೇಳುವುದು ನಾಚಿಕೆಗೇಡು. ಆದರೆ ಅಜ್ಞಾನದಲ್ಲಿ ವರದಿ ಬರೆಯುವುದು ಅದಕ್ಕಿಂತ ಹೆಚ್ಚಿನ ನಾಚಿಕೆಗೇಡು. ಆದ್ದರಿಂದ ಹೇಳುತ್ತೇನೆ.

ಕೊಟ್ಟಿಗೆಯ ನೆಲ ಯಾವ ಕಡೆಗೆ ಇಳಿಜಾರಾಗಿದೆ ನೋಡು. ಗಂಜಲದ ಕಾಲುವೆ ಎಲ್ಲಿಂದ ಹೊರಟು ಎಲ್ಲಿ ಗೋಡೆ ದಾಟುತ್ತದೆ ನೋಡು. ಕಾಲುವೆ ಎಲ್ಲಿ ಇಲ್ಲವೋ ಅಲ್ಲಿ ದನ ಕಟ್ಟುತ್ತಿರಲಿಲ್ಲ. ಗೋಡೆಯಲ್ಲಿ ಗಾಳಿಗೆ ಬಿಟ್ಟ ಸೀಳುಗಂಡಿಗಳನ್ನು ಎಣಿಸು. ಗೋಡೆ ಒಂದೇ ಸಲಕ್ಕೆ ಎದ್ದದ್ದೋ ಆಮೇಲೆ ಬೆಳೆಸಿದ್ದೋ ಮೂಲೆಗಲ್ಲುಗಳ ಕಚ್ಚು ಹೇಳುತ್ತದೆ. ತುದಿಯಲ್ಲಿ ಒಲೆಯಿರುವ ಕೋಣೆಯೊಂದಿದ್ದರೆ ಅದು ಆಳುಗಳು ಮಲಗುವ ಕೋಣೆ, ಇಲ್ಲವೇ ದನಗಳಿಗೆ ಟರ್ನಿಪ್ ಗಡ್ಡೆ ಬೇಯಿಸುವ ಕೋಣೆ. ಹೊಗೆಗೂಡಿನ ಅಗಲ ಅಳೆದರೆ ಯಾವುದೆಂದು ತಿಳಿಯುತ್ತದೆ.

ಅಳತೆಯನ್ನು ಟೇಪು ಹಿಡಿದು ಕೈಯಲ್ಲೇ ತೆಗೆ. ಲೇಸರ್ ತೋರಿಸಿ ಹಲ್ಲು ಕಿರಿಯಬೇಡ. ಕಲ್ಲನ್ನು ಮುಟ್ಟು. ಬಾಗಿಲಿಗೆ ಆರು ಮುಖವೆಂದು ನಿನಗೆ ಹತ್ತು ವರ್ಷವಾಗಿದ್ದಾಗಲೇ ಹೇಳಿಕೊಟ್ಟಿದ್ದೇನೆ: ಒಳಗಿನದು, ಹೊರಗಿನದು, ನಾಲ್ಕು ಅಂಚು. ಜನ ಎರಡನ್ನು ನೋಡಿ ಎದ್ದುಹೋಗುತ್ತಾರೆ.

ನಾನು ನಕ್ಷೆಯಿಲ್ಲದೆ ಒಂದು ಮೊಳೆಯನ್ನೂ ಹೊಡೆಸಿದವನಲ್ಲ, ನಕ್ಷೆ ಬಂದ ಮೇಲೆ ಅದನ್ನು ಒಂದು ಗೆರೆಯಷ್ಟೂ ಮೀರಿದವನಲ್ಲ. ನೀನು ಹಾಗಿರುವುದನ್ನು ಒಮ್ಮೆ ನೋಡಿ ಸಾಯಬೇಕೆಂದಿದೆ.

ಅಮ್ಮನ ಸಾವಿನ ವಿಷಯ ನೀನು ಎತ್ತಿಲ್ಲ. ಒಳ್ಳೆಯದಾಯಿತು, ಹೇಳುವುದಕ್ಕೂ ಏನಿಲ್ಲ.

ಶಂಕರನಾರಾಯಣ

*

ಪಾಯಿಂಟ್ ಕುಕ್
24 ಮಾರ್ಚ್ 2024

ಅಪ್ಪನವರಿಗೆ ನಮಸ್ಕಾರಗಳು.

ನಾಲ್ಕು ಶನಿವಾರ ಹೋದೆ. ಏಣಿಯನ್ನೂ ಹತ್ತಿದೆ. ಸ್ಲೇಟಿನ ಕೆಳಗೆ ಹುಲ್ಲಿನ ಮಾಡಿನ ಹಳೆಯ ಗಳುಗಳು ಹಾಗೇ ಇವೆ. ನೀವು ಹೇಳಿದ್ದೇ ಸರಿ. ಖುಷಿಯಾಯಿತೆ?

ಕೊಟ್ಟಿಗೆಯ ತುದಿಯಲ್ಲಿ ನೀವು ಹೇಳಿದ ಕೋಣೆಯಿದೆ. ಒಂಬತ್ತಡಿಗೆ ಎಂಟಡಿ. ಗಂಜಲದ ಕಾಲುವೆ ಅಲ್ಲಿಗೆ ಬರುವುದಿಲ್ಲ. ಒಲೆ ಚಿಕ್ಕದು, ಹೊಗೆಗೂಡು ಒಂಬತ್ತೇ ಇಂಚು. ಗಡ್ಡೆ ಬೇಯಿಸುವ ಹಂಡೆ ಅಲ್ಲಿ ಕೂರುವುದಿಲ್ಲ, ಒಬ್ಬರು ಕೈಕಾಯಿಸಿಕೊಳ್ಳಬಹುದು ಅಷ್ಟೆ. ಗೋಡೆಗೆ ಪದರ ಪದರವಾಗಿ ಸುಣ್ಣ ಬಳಿದಿದ್ದಾರೆ. ಒಂದಡಿಯ ಕಿಟಕಿ. ಬಾಗಿಲು ರೆಡ್ ಗಮ್ ಮರದ್ದು. ಬಾಗಿಲಿನ ಹೊರಗೆ, ಅಪ್ಪ, ಮೊಣಕೈ ಉದ್ದದ ಕಬ್ಬಿಣದ ಚಿಲಕ. ಒಳಗೆ, ಸೊಂಟದ ಎತ್ತರದಲ್ಲಿ, ಯಾರೋ ಲೋಹದ ಅಂಚಿನಿಂದ ಮತ್ತೆ ಮತ್ತೆ ಬಡಿದ ಗುರುತು. ಅರ್ಧಚಂದ್ರಾಕಾರದ್ದು, ನೂರಕ್ಕೂ ಹೆಚ್ಚು. ಎರಡೂ ಕಡೆಯ ಫೋಟೋ ಇಟ್ಟಿದ್ದೇನೆ.

ಒಲೆಯ ಬಿಸಿಯೂ ಬೇಕು, ಹೊರಗಿನ ಚಿಲಕವೂ ಬೇಕು. ಅಂಥ ಪ್ರಾಣಿ ಯಾವುದು? ಪಕ್ಕದ ಒಕ್ಕಲಿನವನ ಡೈರಿಯಲ್ಲಿ 1871ರ ಒಂದು ಸಾಲು ಸಿಕ್ಕಿತು: ಗ್ಲೆನ್ನಿಯ ಹೆಂಡತಿ ಎಲ್ಸ್‌ಪೆತ್‌ಗೆ ಮನಸ್ಸು ಸ್ವಾಧೀನದಲ್ಲಿಲ್ಲ, ಅವಳೀಗ ಜನರ ಕಣ್ಣಿಗೆ ಬೀಳುವುದಿಲ್ಲ. ಮುಂಬಾಗಿಲ ಕಲ್ಲಿನಲ್ಲಿ ತನ್ನ ಹೆಸರಿನ ಜೊತೆಗೆ ಯಾರ ಹೆಸರು ಕೆತ್ತಿಸಿದನೋ ಅವಳನ್ನೇ ಕೊಟ್ಟಿಗೆಯ ತುದಿಗೆ ಹಾಕಿ ಚಿಲಕ ಎಳೆದನೇ? ನಿಮ್ಮ ಅಭಿಪ್ರಾಯ ಬೇಕು.

ಇನ್ನೊಂದು ಪ್ರಶ್ನೆ ಇದೆ. ಶಿವರಾತ್ರಿಯ ದಿನ ನಿಮ್ಮ ಪಕ್ಕದ ಮನೆಯ ಹೇಮಲತಾ ಆಂಟಿ ಇಲ್ಲಿ ಡಾಕ್‌ಲ್ಯಾಂಡ್ಸ್‌ನಲ್ಲಿರುವ ಮಗನ ಮನೆಗೆ ಬಂದಿದ್ದರು. ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಅತ್ತರು.

"ನಾನ್ ಹೇಳ್ಬಾರ್ದು ಕಣೇ ಚಿತ್ರಾ, ಆದ್ರೆ ಎಷ್ಟ್ ದಿನ ಹೊಟ್ಟೇಲಿಟ್ಕೊಳ್ಳಲಿ? ಬೆಳಗ್ಗೆ ಹನ್ನೊಂದ್ ಗಂಟೆಯಾದ್ರೂ ಹಿತ್ತಲ ಫ್ಲ್ಯಾಟಿನ ಆ ಹೊರಗಿನ ಚಿಲಕ ಹಾಕೇ ಇರೋದು. ಸ್ಟೀಲ್ ಲೋಟ ತಗೊಂಡು ಬಾಗ್ಲು ಬಡೀತಿದ್ರು ನಿಮ್ಮಮ್ಮ ಅರುಂಧತಿ. ನಾನು ಫೆನ್ಸ್ ಮೇಲಿಂದ ಕೂಗಿ ಕೇಳಿದ್ರೆ ನಿಮ್ಮಪ್ಪ, ಊಟ ಆಗಿದೆ, ಮರ್ತಿದಾಳೆ ಅಂದ್ರು. ಲಾಕ್‌ಡೌನ್ ಬೇರೆ. ಒಳಗ್ ಬರೋಕೂ ಹೆದ್ರಿಕೆ."

ಆ ಚಿಲಕ, ಮರೆವು ಹೆಚ್ಚಿದ ಅಮ್ಮ ಹೇಳದೆ ಕೇಳದೆ ಸ್ಟೇಷನ್ನಿನ ಕಡೆಗೆ ನಡೆದುಬಿಡುತ್ತಾಳೆಂದು, ನೀವು ಅಂಗಡಿಗೆ ಹೋಗುವ ಅರ್ಧ ಗಂಟೆ ಮಾತ್ರ ಹಾಕಲು ಇದ್ದದ್ದು. ದಿನವಿಡೀ ಹಾಕಿರುತ್ತಿದ್ದಿರಾ? ಹೌದೋ ಅಲ್ಲವೋ ಅಷ್ಟೇ ಬರೆಯಿರಿ. ಅಮ್ಮ ಹೇಗೆ ಹೋದಳು ಎನ್ನುವುದನ್ನೂ ಬರೆಯಿರಿ. ಲಾಕ್‌ಡೌನಿನಲ್ಲಿ ರಾಜ್ಯಗಳ ಗಡಿ ಮುಚ್ಚಿದ್ದರಿಂದ ನಾನು ಅವಳ ಮುಖವನ್ನು ಲ್ಯಾಪ್‌ಟಾಪಿನಲ್ಲಿ ನೋಡಿದವಳು. ನನಗೆ ಗೊತ್ತಾಗಲೇಬೇಕು.

ಚಿತ್ರಾ

*

ಗಿರಾವೀನ್
3 ಏಪ್ರಿಲ್ 2024

ಚಿ. ಸೌ. ಚಿತ್ರಾಳಿಗೆ ಆಶೀರ್ವಾದಗಳು.

ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೋಣೆಯನ್ನು ಚೆನ್ನಾಗಿ ಓದಿದ್ದೀಯ. ಯಾರನ್ನೂ ಕೇಳುವ ಅಗತ್ಯವಿಲ್ಲ, ನಿನಗೆ ತೋಚಿದಂತೆಯೇ ಬರೆ. ಈ ಪತ್ರದಲ್ಲಿ ತಿದ್ದುವುದೇನೂ ಇಲ್ಲ.

ನಿನ್ನ ಅಮ್ಮ ನಿದ್ದೆಯಲ್ಲಿ ಹೋದಳು. 2021ರಲ್ಲೇ ಹೇಳಿದ್ದೇನೆ.

ಶಂಕರನಾರಾಯಣ

*

ಪಾಯಿಂಟ್ ಕುಕ್
28 ಏಪ್ರಿಲ್ 2024

ಅಪ್ಪನವರಿಗೆ,

ನಿಮ್ಮ ಪತ್ರವನ್ನು ಕಾರಿನಲ್ಲೇ ಕುಳಿತು ಓದಿದೆ. "ತಿದ್ದುವುದೇನೂ ಇಲ್ಲ" ಎನ್ನುವ ಸಾಲಿಗೆ ಅತ್ತುಬಿಟ್ಟೆ. ಆದ್ಯಾ ಹಿಂದಿನ ಸೀಟಿನಲ್ಲಿದ್ದಳು. "ಮಾಮ್, ಆರ್ ಯು ಓಕೆ?" ಎಂದಳು. ನಲವತ್ತು ವರ್ಷ ಆ ಒಂದು ಮಾತಿಗೆ ಕಾದಿದ್ದೆನೆಂದು ಹದಿಮೂರು ವರ್ಷದ ಮಗುವಿಗೆ ಏನೆಂದು ಹೇಳಲಿ? ಆಮೇಲೆ ಕೆಳಗಿನ ಸಾಲು ಓದಿದೆ. ಅತ್ತಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ವರದಿ ಕೊಟ್ಟಾಯಿತು. ಎಲ್ಸ್‌ಪೆತ್‌ಗೆ ಹನ್ನೊಂದು ಪುಟ ಬರೆದಿದ್ದೇನೆ. ಅವಳು ಕೂತ ಒಲೆ, ಅವಳು ನೋಡಿದ ಒಂದಡಿಯ ಕಿಟಕಿ, ಅವಳು ಬಡಿದ ಬಾಗಿಲು. ಕೊಟ್ಟಿಗೆ ಉಳಿಯಬೇಕಾದ್ದು ದನಗಳಿಗಾಗಿ ಅಲ್ಲ, ಒಬ್ಬ ಹೆಂಗಸಿಗಾಗಿ ಎಂದು ವಾದಿಸಿದ್ದೇನೆ. ನೀವು ಸರಿ ಎಂದಿರಿ, ಹಾಗಾಗಿ ಆಫೀಸಿನಲ್ಲಿ ಬೇರೆ ಯಾರಿಗೂ ತೋರಿಸಲಿಲ್ಲ.

ನೂರೈವತ್ತು ವರ್ಷದ ಹಿಂದಿನ ಪರದೇಶದವಳಿಗೆ ಹನ್ನೊಂದು ಪುಟ. ನಿಮ್ಮ ಜೊತೆ ನಲವತ್ತೇಳು ವರ್ಷ ಬಾಳಿದವಳಿಗೆ ನೀವು ಬರೆದದ್ದು ಒಂದು ಸಾಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಾದರೂ ಮೇಲು. ನೀವು ಹೆಗಲನ್ನೂ ಮುಟ್ಟಿಕೊಳ್ಳುವುದಿಲ್ಲ.

ಚಿತ್ರಾ

*

ಪಾಯಿಂಟ್ ಕುಕ್
21 ಜುಲೈ 2024

ಅಪ್ಪ,

ಹಿಯರಿಂಗ್ ಮುಗಿಯಿತು. ಕೊಟ್ಟಿಗೆ ಕೆಡವಲು ಒಪ್ಪಿಗೆ ಸಿಕ್ಕಿದೆ.

ಬಿಲ್ಡರ್ ಕಡೆಯಿಂದ ಒಬ್ಬ ಮುದುಕಿ ಬಂದಿದ್ದಳು. ಬಾಗಿಲುಗಳ ತಜ್ಞೆಯಂತೆ, ಕೈಯಲ್ಲಿ ಊರುಗೋಲು. ನನ್ನ ಹನ್ನೊಂದು ಪುಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಾಗಿಲಿನ ಅಂಚಿನ ಒಂದೇ ಒಂದು ಫೋಟೋವನ್ನು ಪರದೆಯ ಮೇಲೆ ಹಾಕಿದಳು. ಆ ಅಂಚಿನಲ್ಲಿ ಹಳೆಯ ಕೀಲುಗಳ ಗುಳಿಗಳಿದ್ದವು, ಮರದ ಚೂರು ತುಂಬಿ ಮುಚ್ಚಿದ್ದರು. ಅಂದರೆ ಬಾಗಿಲು ಆ ಕೋಣೆಯದೇ ಅಲ್ಲ. ದೊಡ್ಡ ಮನೆಯದು. 1930ರ ಸುಮಾರಿಗೆ ಬಿಚ್ಚಿ ತಂದು, ಮಗುಚಿ, ಕರು ಕೂಡಿಹಾಕಲು ಅಲ್ಲಿ ಕೂರಿಸಿದ್ದಾರೆ. ಹೊರಗಿದ್ದ ಚಿಲಕ ಮೊದಲು ಒಳಗಿನ ಚಿಲಕ. ಮಲಗುವ ಕೋಣೆಯವರು ತಾವೇ ಹಾಕಿಕೊಳ್ಳುತ್ತಿದ್ದದ್ದು. ನೂರು ಅರ್ಧಚಂದ್ರಗಳು ಕರುಗಳಿಗೆ ಹಾಲು ಕುಡಿಸುವ ಬಕೆಟ್ಟಿನ ಬಾಯಿ ತಾಗಿ ಆದ ಗುರುತು. ಅವಳು ಬಕೆಟ್ಟನ್ನೂ ತಂದಿದ್ದಳು. ಇಟ್ಟು ತೋರಿಸಿದಳು. ಸರಿಯಾಗಿ ಕೂತಿತು.

ಪ್ಯಾನೆಲ್ಲಿನ ಅಧ್ಯಕ್ಷರು, ಇದನ್ನು ನೀವು ಹೇಗೆ ಗಮನಿಸಲಿಲ್ಲ ಎಂದು ಮೆತ್ತಗೆ ಕೇಳಿದರು. ಆ ಮೆತ್ತಗಿನ ದನಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಫೀಸಿನಲ್ಲಿ ಇನ್ನು ಮೇಲೆ ನನ್ನ ಸಹಿಯಿಂದ ಯಾವ ವರದಿಯೂ ಹೋಗುವುದಿಲ್ಲವೆಂದು ಹೇಳಿದ್ದಾರೆ. ಸಂಜು ಹೊರಗೆ ಬಂದು, "ಬಿಡಿ ಮೇಡಂ, ಎಲ್ರಿಗೂ ಆಗತ್ತೆ" ಎಂದು ನೀರಿನ ಬಾಟ್ಲಿ ಕೊಟ್ಟ. ಗೆದ್ದವನು ಕೊಟ್ಟ ನೀರು ಕುಡಿದೆ.

ಮನೆಗೆ ಬಂದು ನಿಮಗೆ ಕಳಿಸಿದ್ದ ಫೋಟೋದ ಪ್ರತಿ ತೆಗೆದು ನೋಡಿದೆ. ಬಾಗಿಲು ಅರ್ಧ ತೆರೆದಿದೆ. ಎಡಗಡೆಯ ಅಂಚು ಕಾಣುತ್ತದೆ. ಮುಚ್ಚಿದ ಗುಳಿ ಕಾಣುತ್ತದೆ. ನೀವು ಭೂತಗನ್ನಡಿ ಹಿಡಿದು ನೋಡಿದವರು.

ಗೊತ್ತಿತ್ತಲ್ಲವೇ ಅಪ್ಪ?

ಚಿತ್ರಾ

*

ಗಿರಾವೀನ್
5 ಆಗಸ್ಟ್ 2024

ಚಿತ್ರಾಳಿಗೆ,

ಗೊತ್ತಿತ್ತು. ಭೂತಗನ್ನಡಿಯೂ ಬೇಕಾಗಿರಲಿಲ್ಲ.

ಆರು ಮುಖ ನೋಡೆಂದು ಬರೆದಿದ್ದೆ. ನೀನು ಎರಡು ನೋಡಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕಥೆ ಕೇಳಿದ್ದೇನೆ, ನೀನು ಈಯದ ಎತ್ತಿಗೆ ಹನ್ನೊಂದು ಪುಟದ ಜಾತಕ ಬರೆದೆ. ನಿನಗೆ ಬೇಕಾಗಿದ್ದದ್ದು ಎಲ್ಸ್‌ಪೆತ್ ಅಲ್ಲ. ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಬೇಕಾಗಿತ್ತು, ಕೈಗೆ ಸಿಕ್ಕಲಿಲ್ಲ, ಪಾಪದ ಗ್ಲೆನ್ನಿಯನ್ನು ನಿಲ್ಲಿಸಿದೆ. ಕಾಮಾಲೆ ಕಣ್ಣಿನವರು ಕಟ್ಟಡ ಓದಬಾರದು. ಇದನ್ನು ಮಾತಿನಲ್ಲಿ ಹೇಳಿದ್ದರೆ ನೀನು ನಂಬುತ್ತಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಹೌದು, ಚಿಲಕ ದಿನವಿಡೀ ಹಾಕಿರುತ್ತಿತ್ತು. ನಾನು ಸ್ಕಾಟ್‌ಲ್ಯಾಂಡಿನ ಒಕ್ಕಲು ಮನೆಗಳ ಪುಸ್ತಕ ಬರೆಯುತ್ತಿದ್ದೆ. ನಾಲ್ಕನೆಯ ಅಧ್ಯಾಯ, ಕೊಟ್ಟಿಗೆಗಳದ್ದು. ಅವಳು ಲೋಟದಿಂದ ಬಡಿಯುತ್ತಿದ್ದಳು. ಬಾಗಿಲು ತೆಗೆದರೆ, "ರೀ, ನಮ್ಮನೆಗೆ ಯಾವಾಗ ಹೋಗೋದು?" ಎನ್ನುತ್ತಿದ್ದಳು. ಇದೇ ಮನೆ ಎಂದರೆ ನಗುತ್ತಿದ್ದಳು, ಹತ್ತು ನಿಮಿಷಕ್ಕೆ ಮತ್ತೆ ಬಡಿಯುತ್ತಿದ್ದಳು. ಹಿತ್ತಲಿನ ಎಂಟು ಮೆಟ್ಟಿಲು ಇಳಿದು ಹತ್ತಿ ನನಗೆ ಸಾಕಾಯಿತು. ಕಿವಿಯ ಮೆಷಿನ್ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಆಮೇಲೆ ಕೆಲಸ ಸಾಗುತ್ತಿತ್ತು. ಸುಳ್ಳು ಹೇಳಿ ಏನಾಗಬೇಕು?

ಚಿಲಕ "ಇದ್ದದ್ದು" ಎಂದು ಬರೆದಿದ್ದೀಯ, ಆಕಾಶದಿಂದ ಬಿದ್ದ ಹಾಗೆ. ಆ ಚಿಲಕವನ್ನು ಹಾಕಿಸಿದವರು ಯಾರು? ನಿನ್ನ ನಕ್ಷೆಯ ಪ್ರತಿ ಇಟ್ಟಿದ್ದೇನೆ. ನಿನ್ನ ಕೈಬರಹ, ಕೆಳಗೆ ನಿನ್ನ ಸಹಿ, 14 ಜುಲೈ 2019. ಚಿಲಕ ಹೊರಮುಖಕ್ಕೆ ಎಂದು ಬಾಣ ಹಾಕಿ ಬರೆದಿದ್ದೀಯ. ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ನೀನು ಎಳೆದ ಕಮಾನು ಗೆರೆಯನ್ನೂ ನೋಡು. ಒಳಕ್ಕೆ. ಬೀಳುವವರ ಕೋಣೆಯ ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲದಿದ್ದರೆ ಬಿದ್ದವರೇ ಬಾಗಿಲಿಗೆ ಅಡ್ಡವಾಗುತ್ತಾರೆ. ಮೊದಲ ವರ್ಷದ ಪಾಠ. ನಕ್ಷೆ ಬಿಡಿಸಿದ ಕೂಡಲೇ ಆ ತಪ್ಪು ಕಣ್ಣಿಗೆ ಬಿತ್ತು. ಕೆಂಪು ಪೆನ್ನಿನ ಕ್ಯಾಪ್ ತೆಗೆದೆ. ಅಂಚಿನಲ್ಲಿ ನೀನು ಬರೆದಿದ್ದೆ, ಈ ಸಲ ಕೆಂಪು ಇಂಕು ಬೇಡ ಅಪ್ಪ, ಇದು ಅಮ್ಮನಿಗೆ. ಕ್ಯಾಪ್ ಹಾಕಿದೆ. ನೀನು ನನ್ನನ್ನು ಕೇಳಿಕೊಂಡದ್ದು ಅದೊಂದೇ, ನಡೆಸಿಕೊಟ್ಟೆ. ನೀನು ಬರೆದ ಹಾಗೇ ಕಟ್ಟಿಸಿದೆ.

2021ರ ಆಗಸ್ಟ್ ಹತ್ತೊಂಬತ್ತರ ಬೆಳಗ್ಗೆ ಆರಕ್ಕೆ ಕಾಫಿ ತೆಗೆದುಕೊಂಡು ಹೋದೆ. ಚಿಲಕ ತೆಗೆದು ತಳ್ಳಿದರೆ ಬಾಗಿಲು ನಾಲ್ಕು ಬೆರಳು ಸರಿದು ನಿಂತಿತು. ಅವಳು ಅದಕ್ಕೇ ಒರಗಿ ಬಿದ್ದಿದ್ದಳು. ಸೆರಗು ಕಾಣುತ್ತಿತ್ತು. ಇನ್ನೆರಡು ಸಲ ಜೋರಾಗಿ ತಳ್ಳಿದೆ. ಆಗ ಅವಳಿಗೆ ಉಸಿರಿತ್ತೋ ಇಲ್ಲವೋ ತಿಳಿಯದು. ನಾಲ್ಕನೆಯ ಸಲ ತಳ್ಳಲಿಲ್ಲ. ಒಳಕ್ಕೆ ತೆರೆಯುವ ಬಾಗಿಲಿನ ಕೀಲು ಒಳಗೇ ಇರುತ್ತದೆ, ಹೊರಗಿನಿಂದ ಕಳಚಲು ಬರುವುದಿಲ್ಲ. ಆಂಬುಲೆನ್ಸಿನವರು ಕಿಟಕಿ ಒಡೆದು ಇಳಿದರು. ಅಷ್ಟು ಹೊತ್ತೂ ನಾನು ಲೋಟ ಹಿಡಿದು ಅಂಗಳದಲ್ಲಿ ನಿಂತಿದ್ದೆ.

ಗೊತ್ತಾಗಲೇಬೇಕೆಂದಿದ್ದೆ. ಗೊತ್ತಾಯಿತಲ್ಲ.

ಈಗ ನನ್ನದೊಂದು ಕೆಲಸ. ಮೊಣಕಾಲು ಪೂರ್ತಿ ಹೋಗಿದೆ, ಆ ಎಂಟು ಮೆಟ್ಟಿಲು ಇನ್ನು ನನ್ನಿಂದಾಗದು. ನವೆಂಬರಿನಲ್ಲಿ ನಾನೇ ಹಿಂದಿನ ಫ್ಲ್ಯಾಟಿಗೆ ಇಳಿಯುತ್ತೇನೆ. ಬಡಗಿಗೆ ಕೊಡಲು ನಕ್ಷೆ ಬೇಕು. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡು, ಚಿಲಕ ತೆಗೆ. ನನ್ನ ಕೈ ನಡುಗುತ್ತದೆ, ಗೆರೆ ನೇರ ಬರುವುದಿಲ್ಲ. ಕಳೆದ ತಿಂಗಳು ಎರಡು ಸಲ ಬಿದ್ದೆ. ಬೇಗ ಕಳಿಸು.

ಶಂಕರನಾರಾಯಣ

*

ಪಾಯಿಂಟ್ ಕುಕ್
6 ಅಕ್ಟೋಬರ್ 2024

ತೀರ್ಥರೂಪು ಅಪ್ಪನವರಿಗೆ, ಚಿತ್ರಾಳ ನಮಸ್ಕಾರಗಳು.

ಉತ್ತರ ತಡವಾಯಿತು. ಎರಡು ತಿಂಗಳು ನಿಮ್ಮ ಪತ್ರವನ್ನು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಇಟ್ಟಿದ್ದೆ. ಚಮಚ ತೆಗೆದಾಗಲೆಲ್ಲ ಆ ನಾಲ್ಕು ಬೆರಳಿನ ಸಂದಿ ಕಾಣುತ್ತಿತ್ತು. ನಾನೇ ಎಳೆದ ಗೆರೆ ಎನ್ನುವುದನ್ನು ಮರೆತಿದ್ದೆ ಎಂದು ಬರೆದರೆ ಅದು ಸುಳ್ಳು. ಮರೆತಿರಲಿಲ್ಲ. ನೀವು ಅದನ್ನು ತಿದ್ದಿರುತ್ತೀರಿ ಎಂದುಕೊಂಡಿದ್ದೆ. ಬೇಡವೆಂದರೂ ತಿದ್ದುವವರಲ್ಲವೇ ನೀವು? ಐದು ವರ್ಷ ಆ ನಂಬಿಕೆಯ ಮೇಲೆ ನಿದ್ದೆ ಮಾಡಿದೆ.

ಕೊಟ್ಟಿಗೆ ಹೋಯಿತು. ಎರಡಡಿಯ ಗೋಡೆ ಬೀಳಲು ಒಂದೂವರೆ ದಿನ ಸಾಕಾಯಿತು. ಮನೆಯೊಂದೇ ಬಯಲಿನಲ್ಲಿ ಸೂರ್ಯನಿಗೆ ಬೆನ್ನು ಹಾಕಿಕೊಂಡು ನಿಂತಿದೆ. "ಬಾಗಿಲು ಬೇಕಾ ಮೇಡಂ? ಸುಮ್ನೆ ಸ್ಕಿಪ್ಪಿಗೆ ಹೋಗತ್ತೆ" ಎಂದು ಸಂಜು ಕೇಳಿದ. ಬೇಡವೆಂದೆ. ಕಸದ ತೊಟ್ಟಿಗೆ ಎಸೆಯುವ ಮೊದಲು ಅದರ ನಾಲ್ಕು ಅಂಚನ್ನೂ ಕೈಯಿಂದ ಮುಟ್ಟಿ ನೋಡಿದೆ. ನೀವು ಹೇಳಿದ್ದು ಸರಿ. ಎಲ್ಲ ಅಲ್ಲೇ ಬರೆದಿತ್ತು.

ನಿಮ್ಮ ನಕ್ಷೆ ಇದರ ಜೊತೆಗಿದೆ. ಟೇಪಿಲ್ಲದೆ, ಜಾಗಕ್ಕೆ ಬಾರದೆ ಹೊಸದಾಗಿ ಬರೆಯುವುದು ತಪ್ಪೆಂದು ನೀವೇ ಕಲಿಸಿದ್ದು. ಹಾಗಾಗಿ ಹಳೆಯದನ್ನೇ ಗೆರೆ ಗೆರೆ ನೋಡಿ ಪ್ರತಿ ಮಾಡಿದ್ದೇನೆ. ಬಾಗಿಲು ಒಳಕ್ಕೇ ತೆರೆಯುತ್ತದೆ. ಚಿಲಕ ಹೊರಗೆ ಇದ್ದಲ್ಲೇ ಇದೆ. ಅದನ್ನು ಎಳೆಯಲು ಮನೆಯಲ್ಲಿ ಈಗ ಇನ್ಯಾರೂ ಇಲ್ಲವಲ್ಲ, ನಿಮಗೆ ಹೆದರಿಕೆ ಬೇಡ. ಕೆಳಗೆ ಸಹಿ, ಇವತ್ತಿನ ತಾರೀಖು. ನಕ್ಷೆ ಬಂದ ಮೇಲೆ ಒಂದು ಗೆರೆಯೂ ಮೀರುವವರಲ್ಲ ನೀವು. ಬಲಗಡೆಯ ಅಂಚಿನಲ್ಲಿ ನಿಮ್ಮ ಕೆಂಪು ಇಂಕಿಗೆಂದು ಎರಡು ಇಂಚು ಜಾಗ ಬಿಟ್ಟಿದ್ದೇನೆ. ಕೈ ನಡುಗದಿದ್ದರೆ ತಿದ್ದಿಕೊಳ್ಳಿ.

ನಾನು ಬರುವುದಿಲ್ಲ. ಆದರೆ ನಿಮ್ಮನ್ನು ಹಾಗೇ ಬಿಟ್ಟಿಲ್ಲ, ಹೇಮಲತಾ ಆಂಟಿಗೆ ಫೋನ್ ಮಾಡಿದ್ದೆ. ನವೆಂಬರಿನಿಂದ ದಿನಾ ಬೆಳಗ್ಗೆ ಆರಕ್ಕೆ ನಿಮಗೆ ಕಾಫಿ ತರುತ್ತಾರೆ. ಬಾಗಿಲು ತೆರೆಯದಿದ್ದರೆ ಸ್ವಲ್ಪ ಜೋರಾಗಿ ತಳ್ಳಬೇಕೆಂದು ಹೇಳಿದ್ದೇನೆ.

ನಿಮ್ಮ ಮಗಳು,
ಚಿತ್ರಾ